"ಹಸ್ತದಲ್ಲಿ ಪ್ರಕಾಶವಿರಲಿಲ್ಲ!"

ಬೆಳ್ತಂಗಡಿ ಪಕ್ಕದ ಲಾಯಿಲದಿಂದ ಓದುಗ ಮಿತ್ರರೊಬ್ಬರು ಕೇಳಿದ್ದಾರೆ: "ನನಗೆ ಸಿನಿಮಾ ಲೇಖನ ಬರೆಯುವ ಆಸೆ ಉಂಟು. ತಾರೆಯರನ್ನು ಕಾಣಲಿಕ್ಕೆ ಬೆಂಗಳೂರಿಗೆ ಹೋಗುವಷ್ಟು ದುಡ್ಡಿಲ್ಲ. ಪುಸ್ತಕ, ಪತ್ರಿಕೆ ಓದಿ, ಅಲ್ಲಲ್ಲಿ ಶಬ್ದ ಬದಲಿಸಿ ಬರೆದರೆ ತಪ್ಪಾ? ಕೇಸು ಬೀಳ್ತದಾ?"

ಭೇಷ್! ಕೇಳದೆ ಎತ್ತಿಕೊಳ್ಳುವವರೇ ತುಂಬಿರುವ ಕಾಲದಲ್ಲಿ ಇವರು ಕೇಳಿಯಾದರೂ ಕೇಳಿದ್ದಾರೆ. ಆದ್ದರಿಂದ ಈ ವಾರ ಗಾಸಿಪ್ಪಿಗೆ ರಜೆ.

ಓದಿ ಬರೆಯುವುದು ತಪ್ಪೇ ಅಲ್ಲ ಮಾರಾಯ್ರೆ. ನಿಮ್ಮ ಕಡೆಯವರಿಗೆ ಇದನ್ನು ನಾನು ಹೇಳಬೇಕೇ? ರಾತ್ರಿ ತಾಳಮದ್ದಳೆಗೆ ಹೋಗಿ ಕೂತು ನೋಡಿ. ಭಾಗವತರು ಹಾಡುವ ಪದ್ಯ ಒಂದೇ. ಅದಕ್ಕೆ ಶೇಣಿ ಗೋಪಾಲಕೃಷ್ಣ ಭಟ್ಟರು ಹೇಳುತ್ತಿದ್ದ ಅರ್ಥ ಬೇರೆ, ಮಲ್ಪೆ ರಾಮದಾಸ ಸಾಮಗರು ಹೇಳುತ್ತಿದ್ದ ಅರ್ಥ ಬೇರೆ. ಪದ್ಯದ ಶಬ್ದಗಳನ್ನೇ ತಿರುವಿ ಮುರುವಿ ಒಪ್ಪಿಸುವವನನ್ನು ಸಭೆ ಅರ್ಥಧಾರಿ ಎನ್ನುವುದಿಲ್ಲ. ಪದ್ಯವನ್ನು ಒಳಗೆ ಇಳಿಸಿಕೊಂಡು ತನ್ನ ಮಾತಿನಲ್ಲಿ ಎತ್ತಿದವನೇ ಅರ್ಥಧಾರಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಉಂಟು.

ತೊಂದರೆ ಇರುವುದು "ಶಬ್ದ ಬದಲಿಸಿ" ಎಂಬ ಆ ಮಾತಿನಲ್ಲಿ. ಒಂದು ಸಂಗತಿ ಹೇಳುತ್ತೇನೆ ಕೇಳಿ. ಕೆಲವು ವರ್ಷದ ಹಿಂದೆ ಟೂರಿಂಗ್ ಟಾಕೀಸಿನ ಹಳೇ ಆಪರೇಟರ್ ಒಬ್ಬರನ್ನು ಹುಡುಕಿಕೊಂಡು ಎರಡು ಬಸ್ಸು ಬದಲಿಸಿ ಹೋಗಿ, ಒಂದು ಹಗಲು ಕೂತು ಮಾತಾಡಿ ನಾನು ಹೀಗೆ ಬರೆದಿದ್ದೆ: "ಮಳೆ ಶುರುವಾಯಿತೆಂದರೆ ಟಾಕೀಸಿನ ಡೇರೆ ಮಡಚಿ ಅವರು ಊರಿಗೆ ಹೋಗುತ್ತಿದ್ದರು. ನಾಲ್ಕು ತಿಂಗಳು ಅವರ ಕೈಯಲ್ಲಿ ಬೆಳಕಿರಲಿಲ್ಲ." ಎರಡು ತಿಂಗಳಾದ ಮೇಲೆ ಮತ್ತೊಂದು ಪತ್ರಿಕೆಯಲ್ಲಿ ಬಂತು ನೋಡಿ: "ವರ್ಷಾಕಾಲ ಆರಂಭವಾದೊಡನೆ ಚಿತ್ರಮಂದಿರದ ಗುಡಾರ ಕಳಚಿ ಅವರು ಸ್ವಗ್ರಾಮಕ್ಕೆ ತೆರಳುತ್ತಿದ್ದರು. ನಾಲ್ಕು ಮಾಸ ಅವರ ಹಸ್ತದಲ್ಲಿ ಪ್ರಕಾಶವಿರಲಿಲ್ಲ!"

ನಗು ಬರ್ತದಲ್ಲ? ಆದರೆ ಅದರ ಕೆಳಗೆ "ನಮ್ಮೊಡನೆ ಮಾತಾಡುತ್ತಾ ಅವರು ತಿಳಿಸಿದರು" ಅಂತಲೂ ಇತ್ತು. ಆ ಅಜ್ಜ ಫೋನ್ ಮಾಡಿ, "ಮತ್ತೆ ಯಾರು ಮಾರಾಯ ನನ್ನನ್ನು ಕಾಣಲಿಕ್ಕೆ ಬಂದದ್ದು? ನನಗೆ ನೆನಪೇ ಇಲ್ಲವಲ್ಲ, ಮರೆವು ಶುರುವಾಯಿತಾ?" ಎಂದು ಗಾಬರಿಯಲ್ಲಿ ಕೇಳಿದಾಗ ನನಗೆ ನಗು ಬರಲಿಲ್ಲ. ನನಗೆ ಹೋದದ್ದು ನಾಲ್ಕು ಕಾಸು. ಆ ಹಿರಿಯರಿಗೆ ತನ್ನ ನೆನಪಿನ ಮೇಲೆಯೇ ಅನುಮಾನ ಬಂತು.

ಈಗ ಕಾನೂನಿಗೆ ಬರೋಣ. ಸಿನಿಮಾ ಮಂದಿಗೆ ಗೊತ್ತಿರಲೇಬೇಕಾದ ಕೇಸು ಒಂದುಂಟು. ಆರ್.ಜಿ. ಆನಂದ್ ಎಂಬವರ "ಹಮ್ ಹಿಂದೂಸ್ತಾನಿ" ನಾಟಕ 1954ರಲ್ಲಿ ರಂಗಕ್ಕೆ ಬಂತು. ಪಂಜಾಬಿ ಕುಟುಂಬ, ಮದ್ರಾಸಿ ಕುಟುಂಬ, ನಡುವೆ ಪ್ರೇಮ, ಪ್ರಾಂತ್ಯದ ಜಗಳ. 1956ರಲ್ಲಿ ಮೋಹನ್ ಸೆಹಗಲ್ ಅವರ "ನ್ಯೂ ದೆಹಲಿ" ಸಿನಿಮಾ ಬಂತು. ಕಿಶೋರ್ ಕುಮಾರ್, ವೈಜಯಂತಿಮಾಲಾ ಜೋಡಿ. ಅಲ್ಲಿಯೂ ಪ್ರಾಂತ್ಯದ ಜಗಳವೇ! ಆನಂದ್ ಕೋರ್ಟಿಗೆ ಹೋದರು. 1978ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇನು? ವಿಚಾರಕ್ಕೆ, ವಸ್ತುವಿಗೆ, ಚರಿತ್ರೆಯ ಸಂಗತಿಗೆ ಕಾಪಿರೈಟ್ ಇಲ್ಲ. ಅದನ್ನು ಹೇಳಿದ ರೀತಿಗೆ ಮಾತ್ರ ಉಂಟು. ಸಿನಿಮಾದಲ್ಲಿ ಬಾಡಿಗೆ ಮನೆಯ ಕಷ್ಟ, ವರದಕ್ಷಿಣೆ ಎಲ್ಲ ಸೇರಿ ನಿರೂಪಣೆಯೇ ಬೇರೆಯಾಗಿತ್ತು. ಆನಂದ್ ಸೋತರು. ಎರಡನ್ನೂ ನೋಡಿದವನಿಗೆ "ಇದು ಅದರದ್ದೇ ನಕಲು" ಎಂದು ಸ್ಪಷ್ಟವಾಗಿ ಅನಿಸಬೇಕು. ಅದೇ ಪರೀಕ್ಷೆ.

ಇನ್ನೊಂದು ನಮ್ಮ ಕರಾವಳಿಯದ್ದೇ. ಶಿವರಾಮ ಕಾರಂತರು ಯಕ್ಷಗಾನವನ್ನು ತಿದ್ದಿ ತೀಡಿ ಬ್ಯಾಲೆ ಕಟ್ಟಿದ್ದರು. 1997ರಲ್ಲಿ ಅವರು ತೀರಿಹೋದರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದಿಲ್ಲಿಯಲ್ಲಿ "ಅಭಿಮನ್ಯು ವಧೆ" ಆಡಿಸಿದಾಗ, ಕಾರಂತರ ಉಯಿಲಿನಿಂದ ಹಕ್ಕು ಪಡೆದವರು ದಾವೆ ಹೂಡಿದರು. ಅದು 2009ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಯಿತು. ಅಭಿಮನ್ಯು ಯಾರಪ್ಪನ ಸೊತ್ತೂ ಅಲ್ಲ, ಯಕ್ಷಗಾನವೂ ಅಲ್ಲ. ಆದರೆ ಕಾರಂತರು ಅದಕ್ಕೆ ಕೊಟ್ಟ ರೂಪಕ್ಕೆ ಹಕ್ಕು ಉಂಟು ಎಂಬುದು ನಿಂತಿತು. ಕಾನೂನಿನಲ್ಲಿರುವ ವಿನಾಯಿತಿಗಳನ್ನು ಅಕಾಡೆಮಿ ಬಳಸಬಹುದು ಎಂದೂ ಕೋರ್ಟು ಹೇಳಿತು. ಲೇಖಕ ತೀರಿಹೋದ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಅಂದರೆ ಕಾರಂತರ ಬರಹಕ್ಕೆ 2057ರ ಕೊನೆಯವರೆಗೆ!

ಹಾಗಾದರೆ ಮಾಡುವುದು ಹೇಗೆ? ಬರೆದಿಟ್ಟುಕೊಳ್ಳಿ.

ಒಂದು: ಒಂದೇ ಲೇಖನ ಹಿಡಿದು ಕೂರಬೇಡಿ. ಮೂರಾದರೂ ಓದಿ.

ಎರಡು: ಚೀಟಿಯಲ್ಲಿ ಸಂಗತಿ ಮಾತ್ರ ಬರೆಯಿರಿ. ಇಸವಿ, ಹೆಸರು, ಊರು, ಲೆಕ್ಕ. ಯಾರದಾದರೂ ಸಾಲು ತೀರಾ ಮನಸ್ಸಿಗೆ ಹಿಡಿಸಿತೇ? ಆಗಲೇ ಅದಕ್ಕೆ ಉದ್ಧರಣ ಚಿಹ್ನೆ ಹಾಕಿ, ಪಕ್ಕದಲ್ಲಿ ಅವರ ಹೆಸರು ಬರೆಯಿರಿ. ವಾರ ಕಳೆದರೆ ಅದು ನಿಮ್ಮದೇ ಸಾಲು ಅನಿಸಲಿಕ್ಕೆ ಶುರುವಾಗ್ತದೆ.

ಮೂರು: ಪುಸ್ತಕ ಮುಚ್ಚಿ. ಹೋಟೆಲಿನಲ್ಲಿ ಚಾ ಕುಡಿಯುತ್ತಾ ದೋಸ್ತಿಗೆ ಆ ವಿಷಯ ಹೇಳಿ. ಬಾಯಲ್ಲಿ ಯಾವುದು ಮೊದಲು ಬಂತೋ ಅದೇ ನಿಮ್ಮ ಲೇಖನದ ಆರಂಭ. ಮೂಲದವನ ಆರಂಭ ಅವನಿಗೇ ಇರಲಿ.

ನಾಲ್ಕು: ಬರೆದಾದ ಮೇಲೆ ಮೂಲವನ್ನು ತೆರೆದು ಪಕ್ಕದಲ್ಲಿಡಿ. ಅದೇ ಅನುಕ್ರಮವೇ? ಅದೇ ಹೋಲಿಕೆಯೇ? ಅದೇ ಜೋಕೇ? ಹೊಡೆದು ಹಾಕಿ. ಇಸವಿ, ಹೆಸರು ತಪ್ಪಿಲ್ಲವೇ ಎಂದು ಆಗಲೇ ನೋಡಿಕೊಳ್ಳಿ. ಮೂಲದಲ್ಲಿ ಇಲ್ಲದ್ದನ್ನು ಅವರ ಬಾಯಿಗೆ ತುರುಕಬೇಡಿ.

ಐದು: ಯಾರಿಂದ ತಿಳಿಯಿತೋ ಅವರ ಹೆಸರು ಹೇಳಿ. ಆದರೆ ಹೆಸರು ಹಾಕಿ ಇಡೀ ಪುಟ ಇಳಿಸಿದರೆ ಅದೂ ನಕಲೇ. ವಿಮರ್ಶೆಗೆ ಬೇಕಾದ ಒಂದೆರಡು ಸಾಲು ಉದ್ಧರಿಸಲು ಕಾನೂನು ಬಿಡುತ್ತದೆ, ಲೂಟಿಗೆ ಬಿಡುವುದಿಲ್ಲ.

ನನ್ನ ಆ ಸಾಲನ್ನೇ ತೆಗೆದುಕೊಳ್ಳಿ. "ಮಳೆಗಾಲದ ನಾಲ್ಕು ತಿಂಗಳು ಟೂರಿಂಗ್ ಟಾಕೀಸು ನಡೆಯುತ್ತಿರಲಿಲ್ಲ ಎಂದು ಹಳೇ ಆಪರೇಟರ್ ಒಬ್ಬರು ಇಂಥ ಪತ್ರಿಕೆಗೆ ಹೇಳಿದ್ದಾರೆ." ಇಷ್ಟು ಸಾಕಿತ್ತು! ಸಂಗತಿ ಎಲ್ಲರದ್ದು. ಆ "ಬೆಳಕು" ಮಾತ್ರ ನನ್ನದು.

ಅಂದಹಾಗೆ, ಇಂಗ್ಲಿಷ್ ಪತ್ರಿಕೆಯದ್ದನ್ನು ಕನ್ನಡಕ್ಕೆ ಇಳಿಸಿದರೆ ಯಾರಿಗೂ ಗೊತ್ತಾಗದು ಎಂಬ ಧೈರ್ಯ ಕೆಲವರಿಗೆ ಉಂಟು. ಅನುವಾದದ ಹಕ್ಕೂ ಮೂಲದವರದ್ದೇ ಸ್ವಾಮೀ! ಗೊತ್ತಿದ್ದೂ ಹಕ್ಕು ಮುರಿದರೆ 1957ರ ಕಾಯ್ದೆಯಲ್ಲಿ ಆರು ತಿಂಗಳಿನಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ ಎಂದು ಬರೆದಿದೆ.

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ಡಿಗ್ರಿ ಇಲ್ಲದವನಿಗೆ ಪತ್ರಿಕೆಯಲ್ಲಿ ಇರುವ ಆಸ್ತಿ ಎಂದರೆ ಹೆಸರೊಂದೇ. ಬರಹ ನಂಬುವ ಹಾಗಿದ್ದರೆ ಸಂಪಾದಕರು ಎರಡನೇ ಸಲ ಕೇಳುತ್ತಾರೆ. ಒಮ್ಮೆ ಕದ್ದದ್ದು ಸಿಕ್ಕಿತೋ, ಮೂರನೆಯ ಸಲ ನಿಜವಾಗಿ ಬರೆದದ್ದನ್ನೂ ಯಾರೂ ನಂಬುವುದಿಲ್ಲ.

ಆದ್ದರಿಂದ ಲಾಯಿಲದ ಮಿತ್ರರೇ, ತಾರೆಯರು ದೂರ ಇದ್ದರೆ ಇರಲಿ. ನಿಮ್ಮ ಪೇಟೆಯಲ್ಲಿ ಪೋಸ್ಟರ್ ಅಂಟಿಸಿದವರು, ಟಿಕೆಟ್ ಹರಿದವರು ಇದ್ದೇ ಇರುತ್ತಾರೆ. ಒಬ್ಬರನ್ನು ಕಂಡು ಮಾತಾಡಿಸಿ. ಉಳಿದದ್ದಕ್ಕೆ ಓದಿ, ಪುಸ್ತಕ ಮುಚ್ಚಿ, ಬರೆಯಿರಿ. ಅರ್ಥ ನಿಮ್ಮದಾಗಿರಲಿ!