ತೇರಿನ ಮಿಣಿಯೂ ಕ್ಯಾಲ್ಕುಲೇಟರ್ ಪರದೆಯೂ

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಕಥೆ.

ಕೊಟ್ಟೂರಿನ ನಮ್ಮ ಮನೆಯಲ್ಲಿ ಮೊಮ್ಮಗಳು ಹಳೆಯ ಕ್ಯಾಲ್ಕುಲೇಟರ್‌ನ ಪರದೆಯನ್ನು ಮೆಲ್ಲಗೆ ಒತ್ತುತ್ತಿದ್ದಳು. ಒತ್ತಿದಲ್ಲಿ ಮಸುಕು ಕಲೆ ಹರಡಿ, ಬೆರಳು ತೆಗೆದರೆ ಮಾಯ. "ತಾತ, ಇದರೊಳಗೆ ಇರೋದು ನೀರಾ, ಕಲ್ಲಾ?" ಅಂದಳು.

ನನ್ನ ಎದೆ ಧಸಕ್ಕೆಂದಿತು. ನಾನು ಮೇಷ್ಟ್ರಾಗಿದ್ದಾಗ ಒಬ್ಬ ಹುಡುಗ, "ಸರ್, ಘನಕ್ಕೂ ದ್ರವಕ್ಕೂ ನಡುವಿನದು ಇರೋದಿಲ್ವಾ?" ಎಂದು ಕೇಳಿದ್ದ. "ಪುಸ್ತಕದಲ್ಲಿ ಇರೋದು ಮೂರೇ, ಕೂತ್ಕೋ" ಎಂದು ಗದರಿಸಿದ್ದೆ.

ನಡುವಿನದು ಇದೆ. ಅದರ ಹೆಸರು ದ್ರವ ಹರಳು. ನೀರಿನಂತೆ ಹರಿಯುತ್ತದೆ, ಆದರೂ ಅದರ ಕಡ್ಡಿಯಂಥ ಅಣುಗಳು ಸಾಲುಗಟ್ಟಿ ನಿಲ್ಲುತ್ತವೆ. 1888ರಲ್ಲಿ ಆಸ್ಟ್ರಿಯಾದ ರೈನಿಟ್ಜರ್ ಇದನ್ನು ಗಮನಿಸಿದರು. ಬಿಲ್ಲೆಯಂಥ ಅಣುಗಳೂ ದ್ರವ ಹರಳಾಗುತ್ತವೆಂದು 1977ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು.

ಈಗ ಕೊಟ್ಟೂರೇಶ್ವರನ ತೇರನ್ನು ನೆನೆಯಿರಿ. ಮಿಣಿಯುದ್ದಕ್ಕೂ ಜನ ಸಾಲಾಗಿ ನಿಂತಿದ್ದಾರೆ. ಅರ್ಧ ಜನ ಮುಂದಕ್ಕೆ, ಅರ್ಧ ಜನ ಹಿಂದಕ್ಕೆ ಎಳೆದರೆ? ತೇರು ಅಲುಗದು. ಕ್ಯಾಲ್ಕುಲೇಟರ್‌ನ ದ್ರವ ಹರಳಿನಲ್ಲೂ ಹೀಗೇ. ಅಣುವಿನ ಒಂದು ತುದಿ ತುಸು ಧನ, ಇನ್ನೊಂದು ತುಸು ಋಣ. ಸಾಲು ಒಂದೇ ಆದರೂ ಅರ್ಧದಷ್ಟು ಅಣುಗಳ ತಲೆ ಆ ಕಡೆ, ಅರ್ಧದ್ದು ಈ ಕಡೆ. ಒಟ್ಟು ಬಲ ಸೊನ್ನೆ.

ಎಲ್ಲ ತಲೆಗಳೂ ಒಂದೇ ಕಡೆ ತಿರುಗಿದರೆ? ಅದೇ ಧ್ರುವೀಯ ಕ್ರಮ. ಆಗ ಬಲವೆಲ್ಲ ಕೂಡಿಕೊಂಡು, ತೀರಾ ಸಣ್ಣ ವಿದ್ಯುತ್ತಿಗೂ ದ್ರವ ಓಗೊಡುತ್ತದೆ. ಇಂಥ ದ್ರವ ಇರಬಹುದೆಂದು 1916ರಲ್ಲೇ ಲೆಕ್ಕ ಹಾಕಿದವರು ಜರ್ಮನಿಯ ಮ್ಯಾಕ್ಸ್ ಬಾರ್ನ್. ಸಿ. ವಿ. ರಾಮನ್ ಕರೆಸಿಕೊಂಡಾಗ, 1935-36ರಲ್ಲಿ, ಇವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದರು. 1970ರಲ್ಲಿ ತೀರಿಕೊಂಡರು. ಅಂಥ ದ್ರವ ಇದೆಯೆಂದು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ನೋಯೆಲ್ ಕ್ಲಾರ್ಕ್ ತಂಡ ಪ್ರಯೋಗದಿಂದ ತೋರಿಸಿದ್ದು 2020ರಲ್ಲಿ. ಒಂದು ಪ್ರಶ್ನೆ 104 ವರ್ಷ ಕಾಯಿತು!

ಈ ಸಲದ ತೇರಿನಲ್ಲಿ ಆ ಹಳೆಯ ಶಿಷ್ಯ ಸಿಕ್ಕಿದ. "ಅವತ್ತು ನೀನು ಕೇಳಿದ್ದೇ ಸರಿ ಇತ್ತಪ್ಪಾ" ಎಂದೆ. ಅವನು ನಕ್ಕ. "ಆಮೇಲೆ ನಾನು ಕ್ಲಾಸಲ್ಲಿ ಕೈ ಎತ್ತಲೇ ಇಲ್ಲ ಸರ್" ಎಂದ. ಪಕ್ಕದಲ್ಲಿ ಅವನ ಮಗಳು ಉತ್ತತ್ತಿ ಹಿಡಿದು ನಿಂತಿದ್ದಳು.

"ನೀನು ಕೇಳಮ್ಮ" ಎಂದೆ ಅವಳಿಗೆ. "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತೀನಿ."