ರ‍್ಯಾಂಪ್ ಇದ್ದರೂ ಬಸ್ ಹತ್ತಲಾಗದು, ಏಕೆ?

ಬೆಂಗಳೂರಿನ ಸಾಮಾನ್ಯ ಸಿಟಿ ಬಸ್ಸಿನ ನೆಲ ರಸ್ತೆಯಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ. ಮೆಟ್ಟಿಲು ಹತ್ತಿಯೇ ಒಳಗೆ ಹೋಗಬೇಕು. ಗಾಲಿಕುರ್ಚಿಯಲ್ಲಿ ಕುಳಿತವರ ಪಾಲಿಗೆ ಆ ಬಸ್ಸು ಇದ್ದೂ ಇಲ್ಲದಂತೆ. ನಾಲ್ಕು ಜನ ಸೇರಿ ಎತ್ತಿ ಕೂರಿಸಿದರಾಯಿತಲ್ಲ ಎನ್ನುವವರಿದ್ದಾರೆ. ಕೆಲಸಕ್ಕೋ ಕಾಲೇಜಿಗೋ ಹೋಗುವವರು ದಿನಬೆಳಗಾದರೆ ಅಪರಿಚಿತರ ಕೈಗೆ ಮೈಯೊಪ್ಪಿಸಬೇಕು ಎಂದರೆ ಅದು ಪ್ರಯಾಣವಲ್ಲ, ಹಿಂಸೆ. ಬ್ಯಾಟರಿ ಅಳವಡಿಸಿದ ಕುರ್ಚಿಯನ್ನಂತೂ ಹಾಗೆ ಎತ್ತಲೂ ಆಗದು.

ಇದಕ್ಕೆ ಪರಿಹಾರವೆಂದು ಬಂದದ್ದು ಲೋ ಫ್ಲೋರ್ ಬಸ್. ಇದರ ನೆಲ ರಸ್ತೆಯಿಂದ ಸುಮಾರು 40 ಸೆಂಟಿಮೀಟರ್ ಎತ್ತರದಲ್ಲಿದ್ದು, ಬಾಗಿಲಲ್ಲಿ ಮಡಚಿಟ್ಟ ರ‍್ಯಾಂಪ್ ಇರುತ್ತದೆ. ಸಸ್ಪೆನ್ಷನ್ನಿನ ಗಾಳಿ ಇಳಿಸಿ ಬಾಗಿಲಿನ ಕಡೆಗೆ ತುಸು ತಗ್ಗುವ ಬಸ್ಸುಗಳೂ ಇವೆ. ಇಷ್ಟಾದರೂ ಅವುಗಳಲ್ಲಿ ಗಾಲಿಕುರ್ಚಿಯ ಪ್ರಯಾಣಿಕರು ಕಾಣಸಿಗುವುದು ಅಪರೂಪ.

ಕಾರಣ ತಿಳಿಯಲು ಸಣ್ಣ ಲೆಕ್ಕವೊಂದು ಸಾಕು. ಕಟ್ಟಡಗಳ ಇಳಿಜಾರಿಗೆ ಒಪ್ಪಿತವಾದ ಅಳತೆ 1:12. ಅಂದರೆ ಒಂದು ಸೆಂಟಿಮೀಟರ್ ಏರಲು ಹನ್ನೆರಡು ಸೆಂಟಿಮೀಟರ್ ಉದ್ದ ಬೇಕು. ಆ ಲೆಕ್ಕದಲ್ಲಿ ರಸ್ತೆಯಿಂದ 40 ಸೆಂಟಿಮೀಟರ್ ಏರಲು 4.8 ಮೀಟರ್ ಉದ್ದದ ರ‍್ಯಾಂಪ್ ಬೇಕಾಗುತ್ತದೆ. ಬಸ್ಸಿನದು ಹೆಚ್ಚುಕಡಿಮೆ ಒಂದು ಮೀಟರ್. ಬಸ್ಸು ರಸ್ತೆಯ ನಡುವೆ ನಿಂತರೆ ಅದು ಏರಲಾಗದ ಕಡಿದಾದ ಹಾದಿ. ಕುರ್ಚಿ ಹಿಂದಕ್ಕೆ ಮಗುಚುವ ಅಪಾಯವೂ ಉಂಟು. ಅದೇ ಬಸ್ಸು 15 ಸೆಂಟಿಮೀಟರ್ ಎತ್ತರದ ಫುಟ್‌ಪಾತಿಗೆ ಒತ್ತಿ ನಿಂತರೆ ಏರಬೇಕಾದದ್ದು 25 ಸೆಂಟಿಮೀಟರ್ ಮಾತ್ರ. ಬಸ್ಸು ತಗ್ಗಿದರೆ ಇನ್ನೂ ಕಡಿಮೆ. ಆಗ ಕಂಡಕ್ಟರ್ ಹಿಂದಿನಿಂದ ಒಮ್ಮೆ ನೂಕಿಕೊಟ್ಟರೆ ಸಾಕು.

ಹಾಗಾದರೆ ಡ್ರೈವರ್ ಒತ್ತಿ ನಿಲ್ಲಿಸುವುದಿಲ್ಲವೇಕೆ? ನಿಲ್ದಾಣದ ಮುಂದೆ ಆಟೊ, ಸ್ಕೂಟರ್, ತಳ್ಳುಗಾಡಿ ನಿಂತಿರುತ್ತವೆ. ಇನ್ನು ಕುರ್ಚಿ ಫುಟ್‌ಪಾತಿನ ಮೇಲೇ ಬರಲಾಗದಿದ್ದರೆ? ಬೈಕುಗಳನ್ನು ತಡೆಯಲು ನೆಟ್ಟ ಕಂಬಗಳ ನಡುವೆ 90 ಸೆಂಟಿಮೀಟರಾದರೂ ಬಿಡದಿದ್ದರೆ ತಡೆ ಬೀಳುವುದು ಗಾಲಿಕುರ್ಚಿಯವರಿಗೂ.

ನಮ್ಮ ಮೆಟ್ರೊ 2011ರಲ್ಲಿ ಓಡಲು ಶುರುವಾದಾಗಿನಿಂದ ಅದರಲ್ಲಿ ಗಾಲಿಕುರ್ಚಿಗೆ ಜಾಗವಿದೆ. ಲಿಫ್ಟ್ ಇದೆ, ಪ್ಲಾಟ್‌ಫಾರ್ಮೂ ಬೋಗಿಯ ನೆಲವೂ ಸಮವಾಗಿವೆ. ಹಳಿ, ನಿಲ್ದಾಣ, ರೈಲು ಮೂರೂ ಒಂದೇ ಸಂಸ್ಥೆಯ ಹೊಣೆಯಾದ್ದರಿಂದ ಇದು ಸಾಧ್ಯವಾಯಿತು. ಬಸ್ಸಿನ ವಿಷಯದಲ್ಲಿ ವಾಹನ ಬಿಎಂಟಿಸಿಯದು, ಫುಟ್‌ಪಾತ್ ಪಾಲಿಕೆಯದು, ಅಡ್ಡ ನಿಂತ ಗಾಡಿಗಳನ್ನು ತೆಗೆಸಬೇಕಾದವರು ಸಂಚಾರ ಪೊಲೀಸರು. ನನ್ನ ಮಟ್ಟಿಗೆ ಸಮಸ್ಯೆಯ ಬೇರು ಇಲ್ಲಿಯೇ ಇದೆ, ಬಸ್ಸಿನಲ್ಲಿ ಅಲ್ಲ.

ಕಾನೂನು ಸ್ಪಷ್ಟವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರಿಗೆಯನ್ನು ಎಲ್ಲರೂ ಬಳಸುವಂತೆ ಮಾಡುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸುತ್ತದೆ. ಅದರಡಿಯ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮಗಳನ್ನು ರೂಪಿಸಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಕೇಂದ್ರಕ್ಕೆ ಹೇಳಿತು. ಮೂರೂ ಇಲಾಖೆಗಳು ಒಟ್ಟಿಗೆ ಕುಳಿತು ಒಂದೇ ಒಂದು ಬಸ್ ಮಾರ್ಗವನ್ನು, ಮೊದಲ ನಿಲ್ದಾಣದಿಂದ ಕೊನೆಯದರವರೆಗೆ, ಸರಿಪಡಿಸಿ ತೋರಿಸಲಿ. ಅಲ್ಲಿಯತನಕ ಓದುಗರಾದ ನೀವು ಬಸ್ ನಿಲ್ದಾಣದ ಮುಂದೆ ಎರಡು ನಿಮಿಷಕ್ಕೂ ಗಾಡಿ ನಿಲ್ಲಿಸಬೇಡಿ.