ಚೆನ್ನಮ್ಮನ ಬಾಯಿಗೆ ನಮ್ಮ ಮಾತು

ನಮ್ಮ ಶಾಲೆಯ ಏಳನೆಯ ತರಗತಿಯ ಹುಡುಗಿಯೊಬ್ಬಳು ಕಳೆದ ರಾಜ್ಯೋತ್ಸವದ ರಸಪ್ರಶ್ನೆ ಸ್ಪರ್ಧೆಗೆ ಹೋಗಿದ್ದವಳು ಅಳುತ್ತಾ ಬಂದಳು. ಬ್ರಿಟಿಷರು ಕಿತ್ತೂರಿನ ಮೇಲೆ ಯಾಕೆ ಬಂದರು ಎಂದು ಕೇಳಿದರಂತೆ. ಇವಳು, "ದತ್ತು ತೆಗೆದುಕೊಂಡ ಮಗುವನ್ನು ಒಪ್ಪಲಿಲ್ಲ, ಅದಕ್ಕೆ" ಎಂದಳು. ಸೊನ್ನೆ. "ರಾಣಿ ಕಪ್ಪ ಕೊಡಲಿಲ್ಲ" ಎಂಬುದೇ ಸರಿಯುತ್ತರವಂತೆ. "ಮಿಸ್, ನೀವೇ ಅಲ್ವಾ ಹೇಳಿಕೊಟ್ಟಿದ್ದು?" ಎಂದು ನನ್ನ ಮುಖ ನೋಡಿದಳು. ಆ ನೋಟಕ್ಕೆ ಉತ್ತರ ಕೊಡಬೇಕಾದವಳು ನಾನು.

ಸ್ಪರ್ಧೆಯವರು ಪ್ರಶ್ನೆ ತೆಗೆದದ್ದು ರಾಣಿಯ ಜೀವನಚರಿತ್ರೆ ಎಂದು ಹೇಳಿಕೊಳ್ಳುವ ಒಂದು ಪುಸ್ತಿಕೆಯಿಂದ. ಗಾಂಧಿಬಜಾರಿನಲ್ಲಿ ಸೊಪ್ಪು ಕೊಂಡು ಬರುವಾಗ ಅದನ್ನೂ ಕೊಂಡು ತಂದೆ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಕೆಂಪು ಪೆನ್ನು ಹಿಡಿದು ಕೂತೆ. ಮೂವತ್ತು ವರ್ಷದ ಚಾಳಿ, ಬಿಡುವುದಿಲ್ಲ.

ಒಂದು ಪುಟದಲ್ಲಿ ಯುದ್ಧಕ್ಕೆ ಕಾರಣ ಕಪ್ಪ. ಮೂರು ಪುಟ ತಿರುಗಿಸಿದರೆ ಡಾಲ್‌ಹೌಸಿ ತಂದ ಕಾನೂನು. ಡಾಲ್‌ಹೌಸಿ ಈ ದೇಶಕ್ಕೆ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ಯುದ್ಧ ನಡೆದದ್ದು 1824ರಲ್ಲಿ, ಆಮ್ಹರ್ಸ್ಟ್‌ನ ಕಾಲದಲ್ಲಿ. 1812ರಲ್ಲಿ ಹುಟ್ಟಿದ ಡಾಲ್‌ಹೌಸಿ ಆಗ ಹನ್ನೆರಡು ವರ್ಷದ ಬಾಲಕ, ನಮ್ಮ ಈ ಹುಡುಗಿಯ ವಯಸ್ಸಿನವನು! ಅಷ್ಟು ಸಾಲದೆಂದು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೀರ್ತಿಯನ್ನೂ ಕಿತ್ತೂರು ರಾಣಿಗೇ ಕಟ್ಟಿದ್ದಾರೆ. ಅದು ಕೆಳದಿಯ ಚೆನ್ನಮ್ಮ ಮಾಡಿದ್ದು, 1689ರಲ್ಲಿ. ಇಬ್ಬರ ನಡುವೆ ನೂರಕ್ಕೂ ಹೆಚ್ಚು ವರ್ಷಗಳ ಅಂತರ. ಹೆಸರು ಒಂದೇ ಎಂದು ಪಕ್ಕದ ಮನೆಯವರ ಬಳೆ ತಂದು ನಮ್ಮ ಮಗಳ ಕೈಗೆ ತೊಡಿಸುತ್ತೇವೆಯೇ?

ಕಪ್ಪದ ಮಾತು ಎಲ್ಲಿಂದ ಬಂತೆಂದು ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. 1961ರ 'ಕಿತ್ತೂರು ಚೆನ್ನಮ್ಮ' ಚಿತ್ರದಲ್ಲಿ ಬಿ. ಸರೋಜಾದೇವಿ ಅಬ್ಬರಿಸಿದ ಮಾತು ಅದು. ದೂರದರ್ಶನದಲ್ಲಿ ನೋಡಿ ನಾನೂ ರೋಮಾಂಚನಗೊಂಡಿದ್ದೇನೆ, ಸುಳ್ಳೇಕೆ ಹೇಳಲಿ. ನಿರ್ದೇಶಕ ಬಿ. ಆರ್. ಪಂತುಲು ಎರಡು ವರ್ಷ ಮೊದಲು, 1959ರಲ್ಲಿ, ತಮಿಳಿನಲ್ಲಿ 'ವೀರಪಾಂಡ್ಯ ಕಟ್ಟಬೊಮ್ಮನ್' ತೆಗೆದಿದ್ದರು. ಅಲ್ಲಿಯೂ ಬ್ರಿಟಿಷರ ಮುಂದೆ ನಿಂತು ಕಪ್ಪ ಕೊಡೆನೆಂದು ಗುಡುಗುವ ದೃಶ್ಯವೇ ಚಿತ್ರದ ಜೀವ. ಸಿನಿಮಾ ಚೆನ್ನಾಗಿಯೇ ಇದೆ. ಅದರ ಕೆಲಸ ಅದು ಮಾಡಿತು. ಆದರೆ ಚರಿತ್ರೆ ಬರೆಯುವವರಿಗೆ ಅದೇ ದಾಖಲೆಯಾದರೆ ಹೇಗೆ?

ದಾಖಲೆ ಹೇಳುವುದೇ ಬೇರೆ. 1818ರಲ್ಲಿ ಪೇಶ್ವೆಗಳು ಬಿದ್ದಾಗ ಕಿತ್ತೂರು ಕಂಪನಿಯ ಪಕ್ಷಕ್ಕಿತ್ತು. ಥಾಮಸ್ ಮನ್ರೋ ಸಂಸ್ಥಾನವನ್ನು ಉಳಿಸಿಕೊಟ್ಟ, ಕಿತ್ತೂರು ವರ್ಷವರ್ಷವೂ ಹಣ ಕಟ್ಟುತ್ತಿತ್ತು. ಆಗ ಆಳುತ್ತಿದ್ದವನು ಚೆನ್ನಮ್ಮನ ಮಗನಲ್ಲ, ಮಲ್ಲಸರ್ಜನ ಹಿರಿಯ ಹೆಂಡತಿ ರುದ್ರವ್ವನ ಮಗ ಶಿವಲಿಂಗರುದ್ರಸರ್ಜ. ಅವನು ಮಕ್ಕಳಿಲ್ಲದೆ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ದತ್ತು ತೆಗೆದುಕೊಂಡ ಸಂಗತಿಯ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಸೇರಿತು. ಆತ ಅದರಲ್ಲಿನ ಸಹಿಯನ್ನೇ ನಂಬಲಿಲ್ಲ. ಭಂಡಾರಕ್ಕೆ ಮೊಹರು ಹಾಕಿಸಿದ, ಕಾವಲು ಕೂರಿಸಿದ. ಮನೆಯಲ್ಲಿ ಉಳಿದವರಲ್ಲಿ ಚೆನ್ನಮ್ಮ ಮತ್ತು ಸೊಸೆ ವೀರವ್ವ ಇಬ್ಬರೂ ವಿಧವೆಯರು. ಚೆನ್ನಮ್ಮ ಮೊದಲು ಹಿಡಿದದ್ದು ಕತ್ತಿಯಲ್ಲ, ಲೇಖನಿ. ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ವರೆಗೆ ಬರೆದುಕೊಂಡಳು. ಫಲ ಸಿಗಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಸತ್ತದ್ದು ಆಮೇಲಿನ ಮಾತು.

ಗಂಡ ಹೋದ ಮೇಲೆ ಮನೆಯ ಖಾತೆ ಬದಲಾಯಿಸಲು ಕಚೇರಿಯಿಂದ ಕಚೇರಿಗೆ ಅಲೆದವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ? "ಈ ಸಹಿ ಯಾರದಮ್ಮ?" ಎಂದು ಗುಮಾಸ್ತ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಾಗ ಎದೆ ಧಸಕ್ಕೆಂದದ್ದು ನೆನಪಿದೆಯೇ? ಆ ಚೆನ್ನಮ್ಮ ನಮ್ಮವಳು. ಅವಳ ಅರ್ಜಿ, ಅವಳ ದತ್ತು, ಅವಳ ಸೊಸೆಯ ಸಂಕಟ, ಎಲ್ಲವನ್ನೂ ಕಿತ್ತು ಹಾಕಿ, ಕುದುರೆ ಹತ್ತಿಸಿ, ಬಾಯಿಗೆ ಸಿನಿಮಾದ ಮಾತು ತುರುಕಿ, ಇದೇ ಗೌರವ ಎನ್ನುತ್ತಾರೆ. ನನಗೆ ಇದು ಎರಡನೆಯ ಸಲದ ಅನ್ಯಾಯವಾಗಿ ಕಾಣುತ್ತದೆ. ಅವಳ ಕಾಗದವನ್ನು ಅಂದು ಥ್ಯಾಕರೆ ಒಪ್ಪಲಿಲ್ಲ, ಇಂದು ನಾವು ಓದುವುದಿಲ್ಲ.

ರಾಜರ ವಿಷಯ ಬಂದರೆ ನಮ್ಮ ವಿದ್ವಾಂಸರು ಒಂದು ಶಾಸನದ ತಿಥಿಗಾಗಿ ಹತ್ತು ಪುಟ ಜಗಳವಾಡುತ್ತಾರೆ. ರಾಣಿಯಾದರೆ ಧೈರ್ಯ ಒಂದಿದ್ದರೆ ಆಯಿತು. ಹುಟ್ಟಿದ ದಿನ 1778ರ ಅಕ್ಟೋಬರ್ 23 ಎಂದು ಒಬ್ಬರು, ನವೆಂಬರ್ 14 ಎಂದು ಇನ್ನೊಬ್ಬರು. ಮೊದಲನೆಯದು ಯುದ್ಧ ಗೆದ್ದ ದಿನವೇ ಆಗಿದೆಯಲ್ಲ ಎಂದು ಈ ಪುಸ್ತಿಕೆ ಬರೆದವರಿಗೆ ಅನುಮಾನ ಕೂಡ ಹುಟ್ಟಲಿಲ್ಲ.

ಆಧಾರ ಸಿಗುವುದಿಲ್ಲವೇ? ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿಗೆ ನಮ್ಮ ಮನೆಯಿಂದ ನಡೆದೇ ಹೋಗಬಹುದು. 1884ರ ಬೆಳಗಾವಿ ಗೆಝೆಟಿಯರ್ ಇದೆ. ಅದು ಆಳುವವರ ಬರಹ, ಅವರ ಕಣ್ಣಿಗೆ ಇದು ದಂಗೆ, ಹಾಗೆಂದೇ ತಿಳಿದು ಓದಬೇಕು. ಲಾವಣಿಗಳಿವೆ. ಜನ ಏನನ್ನು ಮರೆಯಲಿಲ್ಲ ಎಂಬುದಕ್ಕೆ ಅವು ಸಾಕ್ಷಿ, ತಾರೀಖಿಗೆ ಅಲ್ಲ. ಕಿತ್ತೂರಿನವರ ಸೆರೆಯಲ್ಲಿದ್ದು ಜೀವಂತ ಹೊರಬಂದ ವಾಲ್ಟರ್ ಎಲಿಯಟ್‌ನನ್ನೇ ನೋಡಿ. ಪುಸ್ತಿಕೆಯಲ್ಲಿ ಅವನು ಬರೀ "ಒಬ್ಬ ಕ್ರೂರ ಆಂಗ್ಲ". ಮುಂದೆ ಕನ್ನಡ ಶಾಸನಗಳ ಪ್ರತಿ ಮಾಡಿಸಿ ಕೂಡಿಟ್ಟ ಎಲಿಯಟ್ ಇವನೇ. ಇಂಥ ತಿರುವನ್ನು ಯಾವ ಸಿನಿಮಾದವರು ಕಟ್ಟಿಯಾರು?

ಪುಸ್ತಿಕೆ ಬರೆದವರಿಗೆ ಫೋನು ಮಾಡಿದೆ. ಸಭ್ಯರು, ಪೂರ್ತಿ ಕೇಳಿಸಿಕೊಂಡರು. "ಮಕ್ಕಳಿಗೆ ಸ್ಫೂರ್ತಿ ಬಂದರೆ ಸಾಕಲ್ಲವೇ ಮೇಡಂ, ಇಸವಿ ಯಾರು ನೋಡುತ್ತಾರೆ?" ಎಂದರು. ಇಸವಿ ನೋಡಿದ ಒಂದು ಮಗು ಸೊನ್ನೆ ತೆಗೆದುಕೊಂಡು ಬಂದಿದೆ ಸ್ವಾಮಿ, ಎಂದೆ. ಮುಂದಿನ ಮುದ್ರಣದಲ್ಲಿ ನೋಡೋಣ ಎಂದರು.

ಮುಂದಿನ ಮುದ್ರಣ ಬಂದಿದೆ. ಮೊನ್ನೆ ಅದೇ ಅಂಗಡಿಯಲ್ಲಿ ನಿಂತೇ ತಿರುವಿ ಹಾಕಿದೆ. ಡಾಲ್‌ಹೌಸಿ ಇದ್ದಲ್ಲೇ ಇದ್ದಾನೆ. ಬೆಲೆ ಮಾತ್ರ ಹತ್ತು ರೂಪಾಯಿ ಹೆಚ್ಚಾಗಿದೆ.